ತೆರಿಗೆಯ ಲೆಕ್ಕದಲ್ಲಿ ಕುಟುಂಬವೆಂದರೆ ಯಾರು?

ಬೆಟ್ಟಂಪಾಡಿಯಂತಹ ಗ್ರಾಮಗಳಲ್ಲಿ ತೋಟದ ಉತ್ಪನ್ನವನ್ನೇ ನಂಬಿದ ಕುಟುಂಬಗಳನ್ನು ಆದಾಯ ತೆರಿಗೆಯ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ಕೃಷಿ ಆದಾಯಕ್ಕೆ ವಿನಾಯಿತಿಯುಂಟು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಸಂಬಳಕ್ಕೆ ದುಡಿಯುವ ಮಕ್ಕಳ ಸ್ಥಿತಿ ಬೇರೆ. ವಿವಾಹವಾಗದೆ ಜೊತೆಯಾಗಿ ಬಾಳುವವರು ತಮ್ಮ ಸಂಗಾತಿಯನ್ನೂ ಮಗುವನ್ನೂ ತೆರಿಗೆಯ ಲೆಕ್ಕದಲ್ಲಿ ಅವಲಂಬಿತರೆಂದು ತೋರಿಸಬಹುದೇ ಎಂಬ ಪ್ರಶ್ನೆ ಇಂದು ನಮ್ಮ ಮನೆಗಳಿಗೂ ಹೊರತಾಗಿಲ್ಲ.

ಅಮೆರಿಕದಲ್ಲಿ ಇದಕ್ಕೆ ಷರತ್ತುಬದ್ಧ ಅವಕಾಶವಿದೆ. ಸಂಗಾತಿಯು ವರ್ಷವಿಡೀ ಒಂದೇ ಮನೆಯಲ್ಲಿದ್ದು, ಆದಾಯವು ನಿಗದಿತ ಮಿತಿಯೊಳಗಿದ್ದು, ಪೋಷಣೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆರಿಗೆದಾರನೇ ಭರಿಸಿರಬೇಕು. ಸಾಕುವವರು ಯಾರೆಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ನಮ್ಮ ದೇಶದ ಕಾನೂನು ಕೇಳುವುದು ವಿವಾಹವನ್ನು. 1961ರ ಆದಾಯ ತೆರಿಗೆ ಕಾಯಿದೆಯ 80ಡಿ ಕಲಮಿನಂತೆ, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ಆರೋಗ್ಯ ವಿಮೆಯ ಕಂತಿನ ಮೇಲೆ 25,000 ರೂಪಾಯಿಯವರೆಗೆ ದೊರೆಯುವ ರಿಯಾಯಿತಿ ತನಗೆ, ಪತಿ ಅಥವಾ ಪತ್ನಿಗೆ ಹಾಗೂ ಅವಲಂಬಿತ ಮಕ್ಕಳಿಗೆ ಸೀಮಿತ. 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ನಿಗದಿಯಾದ 2025ರ ಕಾಯಿದೆಯೂ ಈ ವ್ಯಾಖ್ಯೆಯನ್ನು ಹಿಗ್ಗಿಸಿಲ್ಲ. ಸಂಗಾತಿಗೆ ಇಲ್ಲಿ ಸ್ಥಾನವಿಲ್ಲ.

ಮಗುವಿನ ವಿಚಾರ ಹಾಗಲ್ಲ. 1961ರ ಕಾಯಿದೆಯು ಮಲಮಕ್ಕಳನ್ನೂ ದತ್ತುಮಕ್ಕಳನ್ನೂ 'ಮಗು' ಎಂದು ಒಪ್ಪುತ್ತದೆ. ಸ್ವಂತ ಮಗುವಿಗೆ ಹೆತ್ತವರ ವಿವಾಹದ ಷರತ್ತನ್ನು ಆ ವ್ಯಾಖ್ಯೆ ಹೇಳುವುದಿಲ್ಲ. ಆದರೆ ಸಂಗಾತಿಗೆ ಮೊದಲೇ ಇದ್ದ ಮಗುವು ವಿವಾಹವಾಗದೆ ಮಲಮಗುವಾಗದು.

ತೆರಿಗೆಯ ಉಳಿತಾಯ ಅಲ್ಪ. ಮಗುವಿನ ಹಕ್ಕು ದೊಡ್ಡದು. ವಿವಾಹದ ಹೊರಗೆ ಜನಿಸಿದ ಮಗುವಿಗೂ ಜೀವನಾಂಶ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ವಿಧಿಸುತ್ತದೆ. ಹೆತ್ತವರ ನಡೆಗೆ ಮಗು ಹೊಣೆಯಲ್ಲವೆಂಬ ನಿಲುವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅನುಕಂಪದ ನೌಕರಿಯ ಪ್ರಕರಣವೊಂದರಲ್ಲಿ ತಳೆಯಿತು. ಆದರೆ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿನ 'ಮಕ್ಕಳು' ಎಂಬ ಪದಕ್ಕೆ ವಿವಾಹಬಂಧನದಲ್ಲಿ ಜನಿಸಿದವರೆಂದೇ ಸಾಮಾನ್ಯವಾಗಿ ಅರ್ಥ ಮಾಡಲಾಗಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗು ಆಸ್ತಿಯಿಂದ ವಂಚಿತವಾಗುವ ಭಯವಿದೆ. ಹೆತ್ತವರು ಮುಂದೆ ಸಿಂಧುವಾಗಿ ವಿವಾಹವಾದರೆ ಧರ್ಮಸಭೆಯ ಕಾನೂನು ಆ ಮಗುವನ್ನು ಸಕ್ರಮವೆಂದು ಎಣಿಸುತ್ತದೆ. ಆಸ್ತಿಯ ವಿವಾದದಲ್ಲಿ ನಡೆಯುವುದು ಮಾತ್ರ ದೇಶದ ಕಾನೂನು.

ಆದುದರಿಂದ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ಸ್ಪಷ್ಟವಾದ ಉಯಿಲು, ವಿಮೆಯಲ್ಲಿ ನಾಮನಿರ್ದೇಶನ, ಇವು ತಡವಾಗಬಾರದು. ಮಕ್ಕಳ ನಡೆ ಹಿರಿಯರಿಗೆ ನೋವು ತಂದಿರಬಹುದು. ಆ ನೋವಿನ ಮಾತುಕತೆ ಮುಗಿಯುವವರೆಗೆ ಮೊಮ್ಮಗುವಿನ ಕಾಗದಪತ್ರಗಳು ಕಾಯುವಂತಾಗಬಾರದು.