ಗಾಡಿಗೆ ಒಡೆಯನುಂಟು, ಕರ್ತೃವಿಲ್ಲ

1884ರಲ್ಲಿ ಶುರುವಾದ ಬಟ್ಟೆ ಗಿರಣಿ ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟು ತಾನು ಮುಚ್ಚಿಹೋಯಿತು. ಆ ಜಾಗಕ್ಕೆ ಮಾಲ್ ಬಂತು, ಅಪಾರ್ಟ್‌ಮೆಂಟುಗಳು ಬಂದವು. ಸುತ್ತಲಿನ ಬೀದಿಗಳಲ್ಲಿ ತಳ್ಳುಗಾಡಿ ಮಾತ್ರ ಹಾಗೆಯೇ ಇದೆ: ನಾಲ್ಕು ಚಕ್ರ, ಮರದ ಚೌಕಟ್ಟು, ಮೇಲೊಂದು ಹಲಗೆ. ಇದು ಬದಲಾಗದೆ ಉಳಿದದ್ದು ಪರಿಪೂರ್ಣವಾಗಿದ್ದಕ್ಕೋ, ಕೇಳುವವರಿಲ್ಲದ್ದಕ್ಕೋ?

ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1936ರಲ್ಲಿ ಒಂದು ಚಹಾ ಗಾಡಿ ರೂಪಿಸಿದ. ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿ ಬಗ್ಗಿಸಿದ ಚೌಕಟ್ಟು, ಎರಡು ದೊಡ್ಡ ಚಕ್ರ, ಅಷ್ಟೆ. ಮರುವರ್ಷ ಪ್ಯಾರಿಸ್ ವಿಶ್ವಮೇಳ ಕಂಡ ಆ ಗಾಡಿ ಇಂದಿಗೂ ಅವನ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದು ಹೊರುವುದು ನಾಲ್ಕು ಕಪ್ಪು. ನಮ್ಮದು ಹೊರುವುದು ಒಂದು ಸಂಸಾರವನ್ನು. ಆದರೂ ನಮ್ಮದಕ್ಕೆ ಕರ್ತೃವಿಲ್ಲ.

ಬೇಕಾಗಿಯೂ ಇಲ್ಲ ಎನ್ನುವ ವಾದವೊಂದಿದೆ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ಚೊಂಬನ್ನು ಕೊಂಡಾಡಿದರು. ಅದನ್ನು ಒಬ್ಬರು ರೂಪಿಸಲಿಲ್ಲ, ತಲೆಮಾರುಗಳ ಬಳಕೆ ತಿದ್ದಿತು ಎಂದರು. ಆ ವರದಿಯ ಬೆನ್ನಿಗೆ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಚೊಂಬಿನ ಮಟ್ಟಿಗೆ ಈ ಮಾತು ಸರಿ. ನೀರು ಸೇದುವ ಕೈಯೇ ಅಂಗಡಿಯಲ್ಲಿ ಚೊಂಬನ್ನು ತಿರುಗಿಸಿ ನೋಡಿ, ಹಿಡಿತ ಸಾಲದು ಎಂದು ಕೆಳಗಿಡಬಲ್ಲದು. ಬಳಕೆ ವಸ್ತುವನ್ನು ತಿದ್ದುವುದು ಹೀಗೆ. ತಳ್ಳುಗಾಡಿಯ ಸಂಗತಿ ಬೇರೆ. ಎಷ್ಟೋ ವ್ಯಾಪಾರಿಗಳು ಅದನ್ನು ದಿನಬಾಡಿಗೆಗೆ ತರುತ್ತಾರೆ. ಸೊಂಟ ನೋಯುವುದು ತಳ್ಳುವವನಿಗೆ. ಬಡಗಿಗೆ ಅಳತೆ ಹೇಳುವವನು ಒಡೆಯ. ನೋವು ಒಂದು ಕಡೆ, ತಿದ್ದುವ ಅಧಿಕಾರ ಇನ್ನೊಂದು ಕಡೆ ಇದ್ದರೆ ನೂರು ವರ್ಷ ಬಳಸಿದರೂ ಹಿಡಿಕೆ ಒಂದಂಗುಲ ಮೇಲೇರುವುದಿಲ್ಲ.

ಅನಾಮಿಕತೆಯೇ ನಮ್ಮ ಪರಂಪರೆ ಎನ್ನುವವರು ಒಮ್ಮೆ ಬೇಲೂರಿಗೆ ಹೋಗಿಬರಬೇಕು. ಬಳ್ಳಿಗಾವೆಯ ಶಿಲ್ಪಿ ದಾಸೋಜ ಅಲ್ಲಿನ ದೇಗುಲದಲ್ಲಿ ತನ್ನ ಹೆಸರು ಕೊರೆದಿದ್ದಾನೆ. ಸೋಮನಾಥಪುರದ ದೇಗುಲದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಹೆಸರು ಬರೆಯುವುದರಲ್ಲಿ ಹೆಮ್ಮೆಯಷ್ಟೇ ಅಲ್ಲ, ಹೊಣೆಯೂ ಇದೆ: ತಪ್ಪಿದ್ದರೆ ನನ್ನನ್ನು ಕೇಳಿ ಎಂಬ ಮಾತು. ಆಲ್ಟೊನ ಚಕ್ರ ಜಾಮಾದರೆ ದೂರಲು ಒಂದು ಹೆಸರಿದೆ. ಬಿನ್ನಿಪೇಟೆಯ ಗಾಡಿ ಇಳಿಜಾರಿನಲ್ಲಿ ಜಾರಿದರೆ ಬೈಗುಳ ಬೀಳುವುದು ತಳ್ಳುವವನಿಗೇ.

ಹಾಗೆಂದು ಪ್ರಖ್ಯಾತರೊಬ್ಬರು ಬಂದು ಚೆಂದದ ಗಾಡಿ ಬರೆದುಕೊಟ್ಟರೆ ಮುಗಿಯಲಿಲ್ಲ. ಬಡಗಿಯ ಮುಂದೆ ನಿಂತು ಎತ್ತರ, ಬ್ರೇಕು, ನೆರಳು, ಕೂರಲೊಂದು ಹಲಗೆ ಬೇಕೆಂದು ಹೇಳುವ ಹಕ್ಕು ತಳ್ಳುವವನಿಗೆ ಸಿಗಬೇಕು. ಗಾಡಿ ಅವನದಾದರೆ ಅದು ತಾನಾಗಿ ಸಿಗುತ್ತದೆ. ಸದ್ಯಕ್ಕೆ ಗಾಡಿ ನಿಲ್ಲಿಸಿದೊಡನೆ ಅವನು ಬಗ್ಗಿ ಚಕ್ರಕ್ಕೆ ಒಂದು ಕಲ್ಲು ಕೊಡುತ್ತಾನೆ. ಇಡೀ ಗಾಡಿಯಲ್ಲಿ ಅವನು ಆರಿಸಿಕೊಂಡದ್ದು ಆ ಕಲ್ಲೊಂದೇ.