ಬೊಂಬೆಯ ಮೇಲೆ ಕಲಿಯುವ ಶುಶ್ರೂಷೆ

ಮಲ್ಲೇಶ್ವರದ ಸಂಪಿಗೆ ರಸ್ತೆಯ ಜನಸಂದಣಿಯಲ್ಲಿ ಉಡುಪಿನ ಮರೆಯಲ್ಲಿ ಹೊಟ್ಟೆಗೆ ಚೀಲ ಧರಿಸಿದವರು ನಮ್ಮ ಪಕ್ಕದಲ್ಲೇ ನಡೆದರೂ ನಮಗೆ ತಿಳಿಯದು. ಕರುಳಿನ ಕ್ಯಾನ್ಸರ್ ಮೊದಲಾದ ಕಾಯಿಲೆಗಳಲ್ಲಿ ಮಲವಿಸರ್ಜನೆಗಾಗಿ ಉದರದ ಮೇಲೆ ಶಸ್ತ್ರಚಿಕಿತ್ಸೆಯಿಂದ ತೆರೆಯುವ ದ್ವಾರವೇ ‘ಸ್ಟೋಮಾ’. ಚರ್ಮಕ್ಕೆ ಅಂಟಿಕೊಳ್ಳುವ ಚೀಲವನ್ನು 1954ರಲ್ಲಿ ಕಲ್ಪಿಸಿದವರು ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸೆನ್. ಶಸ್ತ್ರಚಿಕಿತ್ಸೆಯ ತರುವಾಯ ಹೊರಗೆ ಹೋಗಲು ಅಂಜುತ್ತಿದ್ದ ಸೋದರಿಗಾಗಿ.

ಈ ಆರೈಕೆಯನ್ನು ಶುಶ್ರೂಷಾ ವಿದ್ಯಾರ್ಥಿಗಳು ಮೊದಲು ಬೊಂಬೆಯ ಮೇಲೆ ಅಭ್ಯಾಸ ಮಾಡುವುದು ಉಚಿತ. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಇಂಥ ಅನುಕರಣ ಕಲಿಕೆಗೆ ಸ್ಥಾನವಿದೆ. ಉಗುರುಬೆಚ್ಚನೆಯ ನೀರಿನಿಂದ ಚರ್ಮ ತೊಳೆದು ಒಣಗಿಸುವುದು, ಸ್ಟೋಮಾವನ್ನು ಅಳೆದು ಅದಕ್ಕಿಂತ 2-3 ಮಿಲಿಮೀಟರ್ ದೊಡ್ಡದಾಗಿ ಚೀಲದ ರಂಧ್ರ ಕತ್ತರಿಸುವುದು, ಚೀಲ ಮೂರನೆಯ ಒಂದು ಭಾಗ ತುಂಬಿದಾಗಲೇ ಬರಿದು ಮಾಡುವುದು – ಎಲ್ಲವೂ ಕೈ ಪಳಗಬೇಕಾದ ಕೆಲಸಗಳು. ತೇವವಾದ ಕೆಂಪು ಬಣ್ಣ ಆರೋಗ್ಯದ ಗುರುತು. ಕಪ್ಪಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೆಲವೆಡೆ ವಿದ್ಯಾರ್ಥಿಗಳು ತಾವೇ ಒಂದು ದಿನ ಚೀಲ ಧರಿಸಿ ಓಡಾಡುವುದೂ ಉಂಟು.

ಬೊಂಬೆಗೆ ಸಂಕೋಚವಿಲ್ಲ, ರೋಗಿಗೆ ಇದೆ. ಚೀಲ ಬಿಚ್ಚುವಾಗ ರೋಗಿಯು ದಾದಿಯ ಮುಖವನ್ನೇ ನೋಡುತ್ತಿರುತ್ತಾನೆ. ಅಲ್ಲಿ ಅಸಹ್ಯ ಸುಳಿದರೆ ಅವನು ಅದನ್ನು ಬಹುಕಾಲ ಮರೆಯಲಾರ. ಮೊದಲ ತಡವರಿಕೆಯೆಲ್ಲ ಬೊಂಬೆಯೆದುರೇ ಕಳೆದರೆ ಈ ಕಾಯಕಕ್ಕೆ ಸಮಾಧಾನದ ಮುಖ ಬರುತ್ತದೆ.

ಮನೆಯವರೂ ಆಸ್ಪತ್ರೆಯಿಂದ ಹೊರಡುವ ಮುನ್ನ ದಾದಿಯಿಂದ ಇದನ್ನು ಕೇಳಿ ಕಲಿಯಬೇಕು. ಚೀಲ ಧರಿಸಿದವರು ಸ್ನಾನ ಮಾಡಬಹುದು, ಪೂಜೆಗೆ ಕೂರಬಹುದು, ಪಂಕ್ತಿಯಲ್ಲಿ ಉಣ್ಣಬಹುದು. ಅವರಿಗಾಗಿ ಎಲೆ ಹಾಕುವ ಕೈ ಅಳುಕದಿರಲಿ.