ಉಕ್ಕಿನ ಬಂಪರ್ ರಕ್ಷಣೆಯಲ್ಲ

ಮುಂಬಯಿಯ ಕುರ್ಲಾ ಸಿಎಸ್‌ಟಿ ರಸ್ತೆಯಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಥಾರ್, ಜಿಮ್ನಿಯಂಥ ಗಾಡಿಗಳಿಗೆ ಉಕ್ಕಿನ ಬಂಪರ್ ಜೋಡಿಸುವ, ಸಸ್ಪೆನ್ಷನ್ ಎತ್ತರಿಸುವ ಮೋಹ ನಗರದಲ್ಲಿ ಬೆಳೆಯುತ್ತಿದೆ. ಇದು ಬರಿಯ ಶೋಕಿಯ ಮಾತಲ್ಲ, ಜೀವದ ಪ್ರಶ್ನೆ.

ಡಿಕ್ಕಿಯಾದಾಗ ತಾನು ನುಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳಲೆಂದೇ ಗಾಡಿಯ ಮುಂಭಾಗವನ್ನು ರೂಪಿಸಿರುತ್ತಾರೆ. ಉಕ್ಕಿನ ಬಂಪರ್ ಆ ಪೆಟ್ಟನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ತಪ್ಪಿಸಬಹುದು. ಪಾದಚಾರಿಗೆ ಅದು ಪ್ರಾಣಾಂತಕ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಪಲ್ಟಿಯಾಗುವ ಅಪಾಯ ಹೆಚ್ಚು. ಮೇಲೇರಿದ ಹೆಡ್‌ಲೈಟ್ ಎದುರಿನವರ ಕಣ್ಣು ಕುಕ್ಕುತ್ತದೆ.

ಗಾಡಿಯ ಮುಂದೆ ಜೋಡಿಸುವ ಇಂಥ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಕಾನೂನು ಇದೆ, ಜಾರಿ ಬೇಕು. ರಸ್ತೆಯಲ್ಲಿ ಚಲನ್ ಬರೆದರಷ್ಟೇ ಸಾಲದು. ಜೋಡಿಸುವ ಅಂಗಡಿಗಳ ಮೇಲೂ ಸಾರಿಗೆ ಇಲಾಖೆ ಕಣ್ಣಿಡಲಿ. ಸಹ್ಯಾದ್ರಿಯ ಕಲ್ಲುದಾರಿಗೆಂದು ಸಜ್ಜಾದ ಗಾಡಿ ಅಂಧೇರಿಯ ಶಾಲಾಮಕ್ಕಳ ನಡುವೆಯೂ ಓಡುತ್ತದೆ ಎಂಬುದನ್ನು ಮಾಲೀಕರು ಮರೆಯಬಾರದು.